ಹದಿನಾಲ್ಕು ಮರಿಗಳ ನವೆಂಬರ್

ಎರಡು ವರ್ಷದ ಹಿಂದೆ, ನವೆಂಬರ್ ಆರರಂದು ಬೆಳಿಗ್ಗೆ ಏಳೂವರೆಗೆ, ಕಳ್ಳಕವಟಗಿಯ ಹೊರಗಿನ ಒಂದು ಹೊಲದಲ್ಲಿ, ನನ್ನ ತಾಯಿ ಲಕ್ಕವ್ವನನ್ನು ನಮ್ಮದೇ ಹಿಂಡಿನ ಟಗರು ಹಿಂದಿನಿಂದ ಗುದ್ದಿತು. ಆಕೆ ಕಾಲುವೆಯ ಕಲ್ಲಿನ ಮೇಲೆ ಬಿದ್ದಳು. ಬಲ ಮೊಣಕೈ ಮುರಿಯಿತು, ಚರ್ಮ ಹರಿಯಿತು, ಗಾಯದೊಳಗೆ ಮಣ್ಣು ಮತ್ತು ಕುರಿಯ ಹಿಕ್ಕೆ ಸೇರಿಕೊಂಡಿತು. ಹತ್ತೂವರೆಗೆ ಆಕೆ ವಿಜಯಪುರದ ಒಂದು ಆಸ್ಪತ್ರೆಯಲ್ಲಿದ್ದಳು. ಮಧ್ಯಾಹ್ನ ಎರಡಕ್ಕೆ ಕೆಟಮಿನ್ ಎಂಬ ಅರವಳಿಕೆ ಮದ್ದು ಕೊಟ್ಟು ಗಾಯ ತೊಳೆದರು, ಎಲುಬು ಕೂಡಿಸಿದರು.

ಈ ಹೊತ್ತುಗಳೆಲ್ಲ ನನ್ನ ಹಳೆಯ ನೋಟ್‌ಬುಕ್ಕಿನಲ್ಲಿವೆ. ನಾನು ವಿಜಯಪುರದ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ, ಗೋಳಗುಮ್ಮಟದ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತೇನೆ. ಕಳೆದ ವಾರ ಡೆಸ್ಕಿಗೆ ಬಂದ ಒಂದು ವರದಿಯಲ್ಲಿ ಕೆಟಮಿನ್ ಅನ್ನು ನಶೆಗೆ ಬಳಸುವವರ ವಿಷಯವಿತ್ತು. ಅದು ಏನು, ತಲೆಗೆ ಏನು ಮಾಡುತ್ತದೆ ಎಂದು ಓದುಗರಿಗೆ ಎರಡು ಸಾಲಿನಲ್ಲಿ ತಿಳಿಸಬೇಕಿತ್ತು. ಆಗ ವೈದ್ಯರು ಹೇಳಿದ್ದನ್ನು ಬರೆದಿಟ್ಟ ನೆನಪಾಗಿ ನೋಟ್‌ಬುಕ್ ಹುಡುಕಿ ತೆಗೆದೆ. ನಡುವಿನ ನಾಲ್ಕು ಹಾಳೆಗಳ ಅಂಚಿಗೆ ಹಳದಿ ಕಲೆ ಹಾಗೇ ಇತ್ತು. ಮೂಗಿಗೆ ಹಿಡಿದರೆ ಕುರಿಯ ವಾಸನೆಯೂ ಇತ್ತು.

ನಮ್ಮದು ಅರಕೇರಿ. ಅಪ್ಪ ಹೋದ ಮೇಲೆ ಹಿಂಡು ನನ್ನ ತಮ್ಮ ಅಮೋಗಿಯ ಕೈಗೆ ಬಂತು. ಹಗಲು ಮೇಯಿಸುವುದು ಅವನ ಮತ್ತು ಅವನ ಹೆಂಡತಿ ರೇಣುಕಾಳ ಕೆಲಸ. ಮರಿಗಳು ಅವ್ವನವು. ಆ ವರ್ಷ ದಸರೆ ತನಕ ಬಬಲೇಶ್ವರದ ಕಡೆಯ ಹೊಲಗಳಲ್ಲಿ ರಾತ್ರಿ ಕುರಿ ಕೂಡಿಹಾಕಿ ತರುಬಿ, ಆಮೇಲೆ ಕಳ್ಳಕವಟಗಿಗೆ ಬಂದಿದ್ದರು. ಕಾಲುವೆ ನೀರು ಬಂದ ಮೇಲೆ ಆ ಸೀಮೆಯಲ್ಲಿ ದ್ರಾಕ್ಷಿ, ಕಬ್ಬು ಹೆಚ್ಚಾಗಿ ಮೇವಿನ ಜಾಗ ಕಡಿಮೆಯಾಗಿದೆ. ಆದರೂ ಗೊಬ್ಬರಕ್ಕಾಗಿ ಹೊಲದವರು ಕರೆಯುತ್ತಾರೆ. ಅಲ್ಲಿರುವಾಗಲೇ ಕುರಿಗಳು ಈಯತೊಡಗಿದವು. ನವೆಂಬರ್ ಆರರ ಹೊತ್ತಿಗೆ ಮರಿಗಳು ನಲವತ್ಮೂರು.

ಕುರಿ ಸಾಕದವರಿಗೆ ಒಂದು ವಿಷಯ ಹೇಳಬೇಕು. ಹಗಲು ತಾಯಂದಿರು ಮೇಯಲು ಹೋದಾಗ ಮರಿಗಳು ಬಲೆ ಕಟ್ಟಿದ ದೊಡ್ಡಿಯಲ್ಲಿ ಉಳಿಯುತ್ತವೆ. ಸಂಜೆ ಹಿಂಡು ಬಂದಾಗ ದೊಡ್ಡಿಯನ್ನು ಒಮ್ಮೆಲೇ ತೆರೆದರೆ ಗಟ್ಟಿ ಮರಿಗಳು ಸಿಕ್ಕಿದ ಕೆಚ್ಚಲಿಗೆ ಬಾಯಿ ಹಾಕುತ್ತವೆ, ಸಣ್ಣವು ಉಪವಾಸ ಬೀಳುತ್ತವೆ. ಅದಕ್ಕೆ ಒಬ್ಬರು ಬಾಗಿಲಲ್ಲಿ ನಿಂತು ಒಂದೊಂದೇ ಮರಿಯನ್ನು ಎತ್ತಿ ಅದರದರ ತಾಯಿಗೆ ಬಿಡಬೇಕು. ಅವ್ವ ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದಳು. ಗುರುತು ಹಾಕುತ್ತಿರಲಿಲ್ಲ. ಮರಿಯ ಮುಖ ನೋಡಿದರೆ ತಾಯಿ ಯಾವುದೆಂದು ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಕೆಟಮಿನ್ ಆರಿಸಿದ್ದಕ್ಕೆ ಕಾರಣವಿತ್ತು. ಅವ್ವನಿಗೆ ದಮ್ಮು. ಉಣ್ಣೆಯ ದೂಳು, ಒಲೆಯ ಹೊಗೆ ಎರಡೂ ಸೇರಿ ಎದೆ ಸೀಟಿ ಹೊಡೆಯುತ್ತಿತ್ತು. ಈ ಮದ್ದು ಉಸಿರಿನ ದಾರಿಯನ್ನು ಬಿಗಿಯುವುದಿಲ್ಲ, ಸಡಿಲಿಸುತ್ತದೆ ಎಂದು ಅರವಳಿಕೆಯ ವೈದ್ಯರು ಹೇಳಿದರು. ಅವರು ಬಬಲೇಶ್ವರದ ಕಡೆಯ ನಡುವಯಸ್ಸಿನ ಹೆಂಗಸು. ಎಚ್ಚರಾಗುವಾಗ ಏನೇನೋ ಕಾಣಬಹುದು, ಮಾತಾಡಬಹುದು, ಹೆದರಬೇಡಿ ಎಂದು ಅವರು ಮೊದಲೇ ತಿಳಿಸಿದ್ದರು. ನಾನು ಅದನ್ನು ಬರೆದುಕೊಂಡಿದ್ದೆ. ಬರೆದುಕೊಂಡ ಮಾತ್ರಕ್ಕೆ ಹೆದರಿಕೆ ಕಡಿಮೆಯಾಗಲಿಲ್ಲ.

ಮೂರು ಹತ್ತಕ್ಕೆ ಅವ್ವನ ಕಣ್ಣು ತೆರೆದಿದ್ದವು. ಗುಡ್ಡೆಗಳು ಅತ್ತಿತ್ತ ಅಲುಗುತ್ತಿದ್ದವು. ನಾನು ಕರೆದೆ, ನೋಡಲಿಲ್ಲ. ನಾಲ್ಕಕ್ಕೆ ಮಾತು ಶುರುವಾಯಿತು.

“ಮ್ಯಾಲ ಅದೀನಿ,” ಅಂದಳು. “ಕುರಿ ಎಲ್ಲಾ ತೆಳಗ ಅದಾವ. ಬರೇ ಬೆನ್ನ ಕಾಣ್ತಾವ. ಮಾರಿ ಒಂದೂ ಕಾಣವಲ್ವು.”

ಐದರ ಹೊತ್ತಿಗೆ ನನ್ನನ್ನು ಬಿಳಿಗಿವಿ ಎಂದು ಕರೆದಳು. ಅದು ಹಿಂಡಿನ ಹಳೆಯ ಕುರಿಯ ಹೆಸರು. ಮರಿ ಕುಡಿದವೇ ಎಂದು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳಿದಳು, ನಾಲ್ಕು ಸಲವೂ ಮೊದಲ ಸಲ ಕೇಳಿದಂತೆಯೇ ಕೇಳಿದಳು. ಮರುದಿನ ಬೆಳಿಗ್ಗೆ ಆರಕ್ಕೆ ನನ್ನ ಹೆಸರು ಸರಿಯಾಗಿ ಹೇಳಿದಳು, ಇವತ್ತು ಮಂಗಳವಾರ ಹೌದಲ್ಲ ಅಂದಳು, ಆಸ್ಪತ್ರೆಯ ಚಹಾ ಕುಡಿದು ಇದನ್ನು ಯಾರು ಕುಡಿಯುತ್ತಾರೆ ಎಂದು ಬೈದಳು. ನೋಟ್‌ಬುಕ್ಕಿನಲ್ಲಿ “ಬೆಳಿಗ್ಗೆ 6: ಸರಿ” ಎಂದಿದೆ.

ಆಮೇಲೆ ಮರಿಗಳ ಚಿಂತೆ ಹತ್ತಿತು. ಅಮೋಗಿಗೆ ಅರ್ಧದಷ್ಟು ಮರಿಗಳ ತಾಯಿ ಗೊತ್ತು, ಉಳಿದದ್ದಕ್ಕೆ ಅವ್ವನೇ ಬೇಕು. ರೇಣುಕಾಳನ್ನು ಆಸ್ಪತ್ರೆಯಲ್ಲಿ ಅವ್ವನ ಹತ್ತಿರ ಕೂರಿಸಿ ನಾನು ಕಳ್ಳಕವಟಗಿಗೆ ಹೋದೆ. ಪಟ್ಟಿ ಮಾಡುವುದೆಂದು ತೀರ್ಮಾನಿಸಿದೆ. ದೀಪಾವಳಿ ಹತ್ತಿರವಿತ್ತು, ತಿಕೋಟಾದ ಅಂಗಡಿಗಳ ಮುಂದೆ ರಂಗೋಲಿ ಪುಡಿ ರಾಶಿ ಹಾಕಿದ್ದರು. ಹಳದಿ ಪುಡಿ ತೆಗೆದುಕೊಂಡೆ. ಆ ಸಂಜೆ ಒಂದೊಂದೇ ಮರಿಯನ್ನು ಬಿಟ್ಟು, ಯಾವ ಕುರಿ ಮೂಸಿ ನೋಡಿ ಹಾಲು ಕೊಡುತ್ತದೋ ಅದರ ಹೆಸರನ್ನು ಅಮೋಗಿಯಿಂದ ಕೇಳಿ ಬರೆದುಕೊಂಡೆ. ಹಳದಿ ಪುಡಿಯನ್ನು ನೀರಿನಲ್ಲಿ ಕಲಸಿ ಮರಿಯ ಬೆನ್ನಿಗೆ ಸಂಖ್ಯೆ ಬರೆದೆ. ಒಂಬತ್ತು, ಮೋಟಗಿವಿ. ಹತ್ತು, ಚುಕ್ಕಿ. ನಲವತ್ಮೂರು ಮರಿಗೆ ಮೂರು ಗಂಟೆ ಹಿಡಿಯಿತು. ಪಟ್ಟಿಯ ಒಂದು ಪ್ರತಿ ತಮ್ಮನಿಗೆ ಕೊಟ್ಟು, ಮೂಲ ನನ್ನ ಹತ್ತಿರ ಇಟ್ಟುಕೊಂಡೆ. ಆ ದಿನ ಆ ಪಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ.

ಎಂಟರಂದು ನಾನು ಆಸ್ಪತ್ರೆಗೆ ಮರಳಿದೆ, ರೇಣುಕಾ ಹಿಂಡಿಗೆ ಹೋದಳು. ಅವ್ವನಿಗೆ ಮನೆ ಹತ್ತಿರವಾಗಲೆಂದು ಅಮೋಗಿ ಹಿಂಡನ್ನು ಅರಕೇರಿಗೆ ಹೊಡೆದುಕೊಂಡು ಹೊರಟ. ದೊಡ್ಡ ಕುರಿಗಳು ನಡೆದವು, ಮರಿಗಳು ತೆರೆದ ಟೆಂಪೋದಲ್ಲಿ ಬಂದವು. ಒಂಬತ್ತರ ಮಧ್ಯಾಹ್ನ ಮಳೆ ಬಂತು. ಹೂ ಬಿಡುವ ಹೊತ್ತಿನ ದ್ರಾಕ್ಷಿಗೆ ಅದು ಕೆಟ್ಟ ಮಳೆ. ಔಷಧ ಹೊಡೆಯುವ ಟ್ರ್ಯಾಕ್ಟರುಗಳು ಮರುದಿನವೆಲ್ಲ ರಸ್ತೆಯಲ್ಲಿ ಓಡಾಡಿದವು ಎಂದು ನಮ್ಮ ಪತ್ರಿಕೆಯಲ್ಲೇ ಸುದ್ದಿ ಹೋಯಿತು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಆ ಸುದ್ದಿ ಓದಿದೆ. ಮರಿಗಳ ಬೆನ್ನಿನ ವಿಚಾರ ತಲೆಗೆ ಬರಲಿಲ್ಲ.

ಹನ್ನೊಂದರಂದು ಅವ್ವನನ್ನು ಅರ್ಧ ಪ್ಲಾಸ್ಟರಿನೊಂದಿಗೆ ಮನೆಗೆ ಕಳಿಸಿದರು. ಗಾಯವನ್ನು ಇನ್ನೂ ಮುಚ್ಚಿರಲಿಲ್ಲ. ದಿನಾ ಡ್ರೆಸಿಂಗ್ ಮಾಡಿಸಬೇಕು, ಹದಿನಾರಕ್ಕೆ ಮರಳಿ ಬರಬೇಕು, ಅದೇ ಮದ್ದು ಕೊಟ್ಟು ತೊಡೆಯ ಚರ್ಮ ತೆಗೆದು ಗಾಯಕ್ಕೆ ಹಚ್ಚುತ್ತೇವೆ ಅಂದಿದ್ದರು. ಬಿಟ್ಟರೆ ಕೀವಾಗಬಹುದು, ಮೊಣಕೈ ಮಡಚಲು ಬಾರದಂತೆ ಬಿಗಿಯಬಹುದು.

ಆ ಸಂಜೆ ಅಂಗಳದಲ್ಲಿ ಅವ್ವನ ಹೊರಸು ಹಾಕಿ ಕೂರಿಸಿದೆವು. ಹಿಂಡು ಬಂತು. ಮರಿಗಳು ಬಹಳ ಒದರುತ್ತಿದ್ದವು. ಅಮೋಗಿ ಮತ್ತು ರೇಣುಕಾ ಪಟ್ಟಿ ನೋಡಿ ಬೇಗ ಬೇಗ ಹಾಲು ಕುಡಿಸಿದರು. ಕೆಲವು ಕುರಿಗಳು ಒದ್ದಾಡಿದವು. ಅವನು ಹಿಂಗಾಲು ಹಿಡಿದುಕೊಂಡ, ಅವಳು ಮರಿಯ ಬಾಯಿಗೆ ಕೆಚ್ಚಲು ಇಟ್ಟಳು. ನಡೆದು ದಣಿದಿವೆ ಎಂದು ನಾನು ತಿಳಿದೆ.

ಎಲ್ಲ ಮುಗಿದ ಮೇಲೆ ಅವ್ವನೇ ಕೇಳಿದಳು, ನನಗೂ ಒಂದಿಷ್ಟು ತೋರಿಸಿ ಎಂದು. ಅಮೋಗಿ ಒಂದೊಂದೇ ಮರಿ ಎತ್ತಿ ಮುಂದೆ ಹಿಡಿದ, ಅವ್ವ ತಾಯಿಯ ಹೆಸರು ಹೇಳಿದಳು. ನಾನು ಬೆನ್ನಿನ ಸಂಖ್ಯೆ ನೋಡಿ ಪಟ್ಟಿಗೆ ಹೋಲಿಸಿದೆ. ಆಟದಂತೆ ಶುರುವಾದದ್ದು ಅದು. ಮೊದಲ ಆರು ಸರಿ ಬಂದವು. ಏಳನೆಯದು ಬರಲಿಲ್ಲ. ಒಂಬತ್ತು ಎಂದು ಬರೆದ ಮರಿಗೆ ಕೆಂಪಿ ಅಂದಳು, ಪಟ್ಟಿಯಲ್ಲಿ ಮೋಟಗಿವಿ ಇತ್ತು. ಹತ್ತಕ್ಕೆ ಮೋಟಗಿವಿ ಅಂದಳು. ನಾನು ಬರೆದುಕೊಳ್ಳುತ್ತ ಹೋದೆ.

ಕೊನೆಯ ಮರಿಯನ್ನು ಕೆಳಗಿಟ್ಟಾಗ ಅವ್ವ ನನ್ನ ಪೆನ್ನನ್ನೇ ನೋಡುತ್ತಿದ್ದಳು.

“ಸರಿ ಇದ್ರ ಒಂದ ಗೀರ ಹಾಕತಿ,” ಅಂದಳು. “ತಪ್ಪಿದ್ರ ಬರಕೋತ ಕೂಡ್ತಿ. ಎಷ್ಟು ತಪ್ಪೀನಿ ಹೇಳ ಬೇ.”

ಹದಿನಾಲ್ಕು ಅಂದೆ. ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

ಅವ್ವ ಮರುದಿನವೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ರೇಣುಕಾ ರೊಟ್ಟಿ ತಂದಿಟ್ಟಾಗ ಅವ್ವ ಸಣ್ಣ ದನಿಯಲ್ಲಿ ಕುರಿಗಳ ಹೆಸರು ಹೇಳಿಕೊಳ್ಳುತ್ತಿದ್ದಳು. ಬಿಳಿಗಿವಿ, ಅದರ ಮಗಳು ಗಿಡ್ಡಿ, ಗಿಡ್ಡಿಯ ಮಗಳು ಚುಕ್ಕಿ. ನಡುವೆ ಎಲ್ಲೋ ನಿಲ್ಲುತ್ತಿದ್ದಳು, ಮತ್ತೆ ಬಿಳಿಗಿವಿಯಿಂದ ಹಿಡಿಯುತ್ತಿದ್ದಳು. ಸಂಜೆ ಹೊರಸು ಹೊರಗೆ ಹಾಕಲೇ ಎಂದು ಕೇಳಿದರೆ ಬೇಡವೆಂದಳು. ಅಮೋಗಿ ಹದಿನಾರನೇ ತಾರೀಖಿನ ಮಾತು ತೆಗೆದಾಗ ಒಂದೇ ಮಾತು ಹೇಳಿದಳು.

“ಕೈ ಹ್ವಾದ್ರ ಹೋಗ್ಲಿ. ಆ ಸೂಜಿ ಇನ್ನೊಮ್ಮಿ ಬ್ಯಾಡ. ಇದ್ದಷ್ಟು ತಲಿ ಇರ್ಲಿ.”

ಅಮೋಗಿ ನನ್ನನ್ನು ಹಿತ್ತಲಿಗೆ ಕರೆದು, ಅವ್ವ ಹೇಳುವುದು ಖರೆ ಅದ ಯಕ್ಕಾ, ಮೊದಲನೇ ಸೂಜಿಗೇ ಇಷ್ಟಾದರೆ ಎರಡನೆಯದಕ್ಕೆ ನಮ್ಮನ್ನೂ ಮರೆತರೆ ಏನು ಮಾಡುವುದು ಅಂದ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಕೊನೆಯ ಸಾಲು: “2ನೇ ಅರವಳಿಕೆ ಬೇಡ?” ಪ್ರಶ್ನಾರ್ಥಕ ಚಿಹ್ನೆ ಸಣ್ಣದಾಗಿದೆ.

ಹದಿಮೂರರ ಬೆಳಿಗ್ಗೆ ಒಬ್ಬಳೇ ವಿಜಯಪುರಕ್ಕೆ ಹೋಗಿ ಅರವಳಿಕೆಯ ವೈದ್ಯರನ್ನು ಕಂಡೆ. ಅವರು ಪೂರ್ತಿ ಕೇಳಿದರು. ಕೆಟಮಿನ್ ಬರೀ ನಿದ್ದೆ ಬರಿಸುವ ಮದ್ದಲ್ಲ ಎಂದು ವಿವರಿಸಿದರು. ಕಂಡದ್ದು, ಕೇಳಿದ್ದು, ನೋವು ಎಲ್ಲವೂ ಮೈಯಲ್ಲಿ ನಡೆಯುತ್ತಲೇ ಇರುತ್ತವೆ, ಮನಸ್ಸಿಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ. ಮದ್ದಿನ ಪ್ರಭಾವ ಬಿಡುವಾಗ ಮೈಯಿಂದ ಹೊರಗೆ ಇದ್ದ ಹಾಗೆ ಅನಿಸುತ್ತದೆ. ಹೊಸದನ್ನು ನೆನಪಿಟ್ಟುಕೊಳ್ಳುವುದು ಆ ಹೊತ್ತಿಗೆ ಕೆಡುತ್ತದೆ, ಅದಕ್ಕೇ ನಾಲ್ಕು ಸಲ ಕೇಳಿದ್ದು. ಆಸ್ಪತ್ರೆಯಲ್ಲಿ ಒಮ್ಮೆ ಕೊಟ್ಟದ್ದರಿಂದ ಆಗುವ ಗಲಿಬಿಲಿ ಸಾಮಾನ್ಯವಾಗಿ ಗಂಟೆಗಳಲ್ಲಿ, ಹೆಚ್ಚೆಂದರೆ ದಿನದೊಳಗೆ ಇಳಿಯುತ್ತದೆ. ನಶೆಗಾಗಿ ದಿನಾ ತೆಗೆದುಕೊಳ್ಳುವವರ ನೆನಪು ಕೆಡುವುದು ನಿಜ, ಆದರೆ ಆ ಮಾತು ಬೇರೆ. ವಯಸ್ಸಾದವರಲ್ಲಿ ಜ್ವರ, ಕೀವು, ನೋವು, ನಿದ್ದೆಗೇಡಿನಿಂದಲೂ ತಲೆ ಗಲಿಬಿಲಿಯಾಗುತ್ತದೆ, ಅದನ್ನು ನೋಡಬೇಕು. ಜ್ವರ ಇದೆಯೇ ಎಂದು ಕೇಳಿದರು. ಇಲ್ಲ ಅಂದೆ. ಅವ್ವನ ವಯಸ್ಸು ಕೇಳಿದರು. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದಿದೆ, ಅರವತ್ತರ ಆಸುಪಾಸು ಅಂದೆ.

ಆಮೇಲೆ ಅವರು ಒಂದು ಮಾತು ಕೇಳಿದರು. “ಹದಿನಾಲ್ಕು ತಪ್ಪ್ಯಾರ ಅಂತೀರಿ. ಇನ್ನೊಮ್ಮಿ ಕೇಳಿ ನೋಡೀರೇನು?”

ಇಲ್ಲ ಅಂದೆ. ಆಕೆಗೆ ನೋವಾಗುತ್ತದೆ ಎಂದು ಕೇಳಿರಲಿಲ್ಲ.

“ಕೇಳ್ರಿ. ತಲಿ ಗೊಂದಲ ಆದವ್ರು ಇವತ್ತೊಂದು ಹೇಳ್ತಾರ, ನಾಳೆ ಒಂದು ಹೇಳ್ತಾರ. ಹದಿನಾಲ್ಕಕ್ಕೂ ಅದ ಹೆಸರು ಹೇಳಿದ್ರಂದ್ರ ನನಗ ಫೋನ್ ಮಾಡ್ರಿ.”

ಬಸ್ಸಿನಲ್ಲಿ ನೋಟ್‌ಬುಕ್ ತೆರೆದು ಮತ್ತೆ ನೋಡಿದೆ. ನಮ್ಮ ಕಚೇರಿಯಲ್ಲಿ ಒಬ್ಬರ ಮಾತಿನ ಮೇಲೆ ಸುದ್ದಿ ಹೋಗುವುದಿಲ್ಲ. ಎರಡನೆಯವರಿಗೆ ಕೇಳಬೇಕು. ಅವ್ವನ ತಪ್ಪುಗಳಿಗೆ ನನ್ನ ಹತ್ತಿರ ಇದ್ದದ್ದು ಒಂದೇ ಆಧಾರ, ಅದನ್ನು ಬರೆದವಳು ನಾನೇ.

ಸಂಜೆ ಹಿಂಡು ಬರುವ ಮುಂಚೆ ಅವ್ವನ ಹತ್ತಿರ ಕುಳಿತು, ಡಾಕ್ಟರು ಇನ್ನೊಮ್ಮೆ ಕೇಳಲು ಹೇಳಿದ್ದಾರೆ ಅಂದೆ. ಬಹಳ ಹೊತ್ತು ಒಪ್ಪಲಿಲ್ಲ. ಕಡೆಗೆ ಎದ್ದು ಬಂದಳು, ಆದರೆ ನನಗೆ ಪೆನ್ನು ಹಿಡಿಯಬೇಡ ಅಂದಳು. ನಾನು ಹಳೆಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಲ್ಲೇ ಹೋಲಿಸಿದೆ. ಸಂಖ್ಯೆಯನ್ನು ನನಗೆ ಮಾತ್ರ ತೋರಿಸಿ, ಅವ್ವನಿಗೆ ಬೆನ್ನು ಕಾಣದಂತೆ ಗೋಣಿಚೀಲ ಹೊದಿಸಿ ಅಮೋಗಿ ಮರಿಗಳನ್ನು ಹಿಡಿದ. ಸಾಲೂ ಬದಲಾಗಿತ್ತು. ಅವ್ವ ಹದಿನಾಲ್ಕಕ್ಕೆ ಹದಿನಾಲ್ಕೂ ಎರಡು ದಿನದ ಹಿಂದೆ ಹೇಳಿದ ಹೆಸರನ್ನೇ ಹೇಳಿದಳು.

ಹಿಂಡು ಬಂತು. ಅವ್ವ ಹೇಳಿದ ಕುರಿಗಳಿಗೆ ಬಿಡು ಎಂದು ಅಮೋಗಿಗೆ ಹೇಳಿದೆ. ಅವನು ಮರಿ ಹಿಡಿದುಕೊಂಡು ನಿಂತೇ ಇದ್ದ. ನಾನೇ ಒಂಬತ್ತರ ಮರಿಯನ್ನು ತೆಗೆದುಕೊಂಡು ನೆಲಕ್ಕೆ ಬಿಟ್ಟೆ. ಅದು ನೇರವಾಗಿ ಕೆಂಪಿಯ ಹತ್ತಿರ ಓಡಿತು. ಕೆಂಪಿ ತಿರುಗಿ ಅದರ ಬಾಲದ ಬುಡ ಮೂಸಿತು, ಹಿಂಗಾಲು ಅಗಲಿಸಿ ನಿಂತಿತು. ಮರಿ ಬಾಲ ಅಲ್ಲಾಡಿಸುತ್ತ ಕುಡಿಯಿತು. ಹತ್ತರ ಮರಿಗೆ ಮೋಟಗಿವಿಯೂ ಹಾಗೆಯೇ ನಿಂತಿತು. ಐದು ಮರಿಗಳಾಗುವ ಹೊತ್ತಿಗೆ ಅಂಗಳದ ಒದರಾಟ ಕಡಿಮೆಯಾಗಿತ್ತು.

ಮಾತು ತೆಗೆದವಳು ರೇಣುಕಾ. “ಆ ಮಳ್ಯಾಗ ನಂಬರ ಎಲ್ಲಾ ತೊಳಕೊಂಡ ಹೋಗಿದ್ವು ಯಕ್ಕಾ. ಮುಂಜಾನೆ ಕುಂತು ಮತ್ತ ಬರದ್ವಿ.”

ಟೆಂಪೋದಿಂದ ಇಳಿಸುವಾಗ ಮರಿಗಳ ಬೆನ್ನು ಖಾಲಿಯಾಗಿತ್ತು, ಕೆಳಗೆ ಹಳದಿ ನೀರು ನಿಂತಿತ್ತು. ಗೊತ್ತಿದ್ದಕ್ಕೆ ಗೊತ್ತಿದ್ದ ಸಂಖ್ಯೆ ಹಾಕಿ, ಗೊತ್ತಿಲ್ಲದ್ದಕ್ಕೆ ಅಂದಾಜಿನಲ್ಲಿ ಹಾಕಿದ್ದರು. ಕುರಿ ಒದ್ದಾಗ ಕಾಲು ಹಿಡಿದಿದ್ದರು. ಕಾಲು ಹಿಡಿದರೆ ಯಾವ ಕುರಿಯ ಹಾಲನ್ನೂ ಯಾವ ಮರಿಯಾದರೂ ಕುಡಿಯುತ್ತದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ತಮ್ಮನನ್ನು ಕೇಳಿದೆ.

“ಮೂರ್ನಾಕು ತಪ್ಪಿರಬೇಕು ಅನ್ಕೊಂಡಿದ್ದೆ,” ಅಂದ. “ನೀ ಹದಿನಾಲ್ಕು ಅಂದಿ. ಅಷ್ಟು ನಾ ತಪ್ಪಾಕಿಲ್ಲ ಅನಿಸ್ತು.” ಮರಿಯ ಬೆನ್ನಿಗೆ ಬೆರಳು ಒರೆಸಿ ನೋಡಿ, “ರಂಗ ನೀರಾಗ ಯಾಕ ಕಲಸಿದಿ? ಎಣ್ಣ್ಯಾಗ ಕಲಸಬೇಕಾಗಿತ್ತು,” ಅಂದ.

ಅದು ನಿಜ. ಕುರಿಗೆ ಗುರುತು ಹಾಕುವವರು ಎಣ್ಣೆಯಲ್ಲೇ ಕಲಸುತ್ತಾರೆ. ಚಿಕ್ಕಂದಿನಲ್ಲಿ ನಾನೂ ನೋಡಿದ್ದೆ.

ಅವ್ವ ಹೊರಸಿನ ಮೇಲೆ ಕುಳಿತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾವು ಅವಳಿಂದ ಬೈಗಳನ್ನು ನಿರೀಕ್ಷಿಸಿದ್ದೆವು.

“ಸೂಜಿ ಚುಚ್ಚಿಸಿಕೊಂಡಾಕಿ ನಾ,” ಅಂದಳು. “ಅಮಲು ಏರಿದ್ದು ನಿಮಗ.”

ರೇಣುಕಾ ಮೊದಲು ನಕ್ಕಳು. ಆಮೇಲೆ ಅಮೋಗಿ. ನಾನು ನಗುವುದಕ್ಕೆ ಸ್ವಲ್ಪ ತಡವಾಯಿತು. ನೋಟ್‌ಬುಕ್ ತೆಗೆದು “14 ತಪ್ಪು” ಎಂಬುದಕ್ಕೆ ಗೆರೆ ಎಳೆದು, ಪಕ್ಕದಲ್ಲಿ “ಪಟ್ಟಿ ಸರಿ, ಬೆನ್ನಿನ ಸಂಖ್ಯೆ ತಪ್ಪು, 9ರ ಮಳೆ” ಎಂದು ಬರೆದೆ. ಬೆರಳಿಗೆ ಹತ್ತಿದ ಹಳದಿ ಆಗ ಹಾಳೆಗೆ ಅಂಟಿತು. ಉಳಿದ ಮರಿಗಳನ್ನು ಅವ್ವ ಹೊರಸಿನಿಂದಲೇ ಹೆಸರು ಕೂಗಿ ಬಿಡಿಸಿದಳು. ಎರಡು ದಿನದ ಮೇಲೆ ಆಕೆ ಒಂದು ಪೂರ್ತಿ ರೊಟ್ಟಿ ತಿಂದದ್ದು ಆ ಸಂಜೆ. ನಾನು ವೈದ್ಯರಿಗೆ ಫೋನ್ ಮಾಡಿ ತಿಳಿಸಿದೆ. ಅವರೂ ನಕ್ಕರು, ಹದಿನಾರಕ್ಕೆ ಉಪವಾಸ ಕರೆದುಕೊಂಡು ಬನ್ನಿ ಅಂದರು.

ಹದಿನಾರರಂದು ಅವರು ಮದ್ದು ಕೊಡುವ ಮುಂಚೆ ಅವ್ವನ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತರು. ಹೋದ ಸಲ ಕುರಿಗಳ ಬೆನ್ನು ಮಾತ್ರ ಕಂಡವು, ಮುಖ ಕಾಣಲಿಲ್ಲ ಎಂದು ನಾನು ಹೇಳಿದ್ದು ಅವರಿಗೆ ನೆನಪಿತ್ತು. ಮೊದಲು ಮನಸ್ಸು ಶಾಂತವಾಗುವ ಬೇರೆ ಮದ್ದು ಸ್ವಲ್ಪ ಕೊಡುತ್ತೇನೆ, ಏಳುವಾಗ ಯಾರೂ ಜೋರಾಗಿ ಮಾತಾಡುವುದಿಲ್ಲ ಎಂದು ಆಕೆಗೆ ವಿವರಿಸಿದರು. ಮಲಗುವ ಹೊತ್ತಿಗೆ ಯಾವುದನ್ನು ನೆನೆಸಿಕೊಳ್ಳುತ್ತೇವೋ ಅದರ ಬೆನ್ನು ಹಿಡಿದು ಕನಸು ಹೋಗುವುದುಂಟು ಅಂದರು.

“ಈ ಸರ್ತಿ ಮಾರಿ ನೆನಸ್ಕೋತ ಮಲಗ್ರಿ ಯವ್ವಾರ,” ಅಂದರು.

ಚರ್ಮ ಹಚ್ಚಿ ಹೊರಗೆ ತಂದಾಗ ಹನ್ನೆರಡು ಗಂಟೆ. ಕೋಣೆಯ ಪರದೆ ಎಳೆದಿದ್ದರು. ಒಂದೂವರೆಗೆ ಅವ್ವ ನನ್ನ ಹೆಸರು ಹಿಡಿದು ಕರೆದಳು. ಈ ಸಲ ಮುಖ ಕಂಡವೇ ಎಂದು ಕೇಳಿದೆ.

“ಕಂಡ್ವು,” ಅಂದಳು. “ಆ ಟಗರಿಂದೂ ಕಂಡಿತು, ಹಾಟ್ಯಾನಂದು,” ಎಂದು ಬೈದಳು.

ಗಾಯ ಡಿಸೆಂಬರಿನಲ್ಲಿ ಮಾಯಿತು. ಪ್ಲಾಸ್ಟರ್ ತೆಗೆದ ಮೇಲೆ ಮೂರು ತಿಂಗಳು ಅವ್ವ ದಿನಾ ನೀರಿನ ತಂಬಿಗೆ ಎತ್ತಿ ಇಳಿಸಿ ಕೈಗೆ ಅಭ್ಯಾಸ ಮಾಡಿದಳು. ಟಗರನ್ನು ಮಾರಿದೆವು. ಕಳೆದ ವಾರದ ವರದಿಗೆ ನಾನು ಎರಡು ಸಾಲು ಬರೆದೆ: ಕೆಟಮಿನ್ ಆಸ್ಪತ್ರೆಯಲ್ಲಿ ಬಳಸುವ ಅರವಳಿಕೆ, ಅಲ್ಲಿ ಅದರಿಂದ ಆಗುವ ಗಲಿಬಿಲಿ ಸಾಮಾನ್ಯವಾಗಿ ದಿನದೊಳಗೆ ಇಳಿಯುತ್ತದೆ, ನಶೆಗಾಗಿ ಬಹಳ ದಿನ ಬಳಸಿದರೆ ನೆನಪಿಗೆ ಹಾನಿ. ಅಚ್ಚಿಗೆ ಹೋಗುವ ಮುಂಚೆ ಅದನ್ನು ಅದೇ ವೈದ್ಯರಿಗೂ, ಇನ್ನೊಬ್ಬ ವೈದ್ಯರಿಗೂ ಓದಿ ಹೇಳಿದೆ.

ಈ ನವೆಂಬರಿನಲ್ಲಿ ಮರಿಗಳು ಐವತ್ತೊಂದು. ಅವ್ವನ ಬಲಗೈ ಪೂರ್ತಿ ಚಾಚುವುದಿಲ್ಲ, ಆದರೆ ಮರಿ ಎತ್ತುವಷ್ಟು ಮಡಚುತ್ತದೆ. ಹೋದ ಭಾನುವಾರ ಸಂಜೆ ಅರಕೇರಿಯಲ್ಲಿ ಆಕೆ ದೊಡ್ಡಿಯ ಬಾಗಿಲಲ್ಲಿ ನಿಂತು ಐವತ್ತೊಂದನ್ನೂ ಬಿಟ್ಟಳು. ಇಪ್ಪತ್ತೆರಡು ನಿಮಿಷ ಹಿಡಿಯಿತು. ಯಾವ ಕುರಿಯ ಕಾಲನ್ನೂ ಯಾರೂ ಹಿಡಿಯಲಿಲ್ಲ.